ಗೋಡಾಟ್‌ನಲ್ಲಿ ಸುತ್ತುವ ಕ್ಯಾಮೆರಾ: ಲೆಕ್ಕವೋ, ಜೋಡಿ ನೋಡೋ, ಸ್ಪ್ರಿಂಗ್ ಆರ್ಮೋ?

ಮೌಸ್ ಆಡಿಸಿದಂತೆ ಪಾತ್ರದ ಸುತ್ತ ತಿರುಗುವ ಕ್ಯಾಮೆರಾಕ್ಕೆ ಆಟ ಕಟ್ಟುವ ತಂತ್ರಾಂಶವಾದ ಗೋಡಾಟ್ 4ರಲ್ಲಿ ದಾರಿ ಒಂದೇ ಅಲ್ಲ. ಒಂದೇ ಸೀನ್‌ನಲ್ಲಿ ಮೂರು ಬಗೆ ಬರೆದು ಆಡಿ ನೋಡಿದೆ.

ಮೊದಲನೆಯದು ಬರೀ ಲೆಕ್ಕ. ಎರಡು ಕೋನ, ಒಂದು ದೂರ. ಸೈನ್, ಕೊಸೈನ್ ಹಾಕಿ ಜಾಗ ಕಂಡುಹಿಡಿದು, ಲುಕ್ ಅಟ್ ಫಂಕ್ಷನ್‌ನಿಂದ ಪಾತ್ರದ ಕಡೆ ಮುಖ ಮಾಡಿಸುವುದು. ಬೇರೆ ನೋಡ್ (ಸೀನ್ ಕಟ್ಟುವ ಬಿಡಿ ಘಟಕ) ಬೇಡ, ಜೂಮ್ ಸುಲಭ. ಆದರೆ ಕ್ಯಾಮೆರಾ ನೆತ್ತಿಯ ಮೇಲೆ 90 ಡಿಗ್ರಿಗೆ ಹೋದರೆ ನೋಟವೂ ಮೇಲ್ದಿಕ್ಕೂ ಒಂದೇ ಗೆರೆಗೆ ಬರುತ್ತವೆ, ಚಿತ್ರ ತಟ್ಟನೆ ಹೊರಳಬಹುದು. 85ಕ್ಕೇ ಕ್ಲ್ಯಾಂಪ್ ಮಾಡಿ, ಅಂದರೆ ಅದನ್ನು ದಾಟದಂತೆ ಮಿತಿ ಹಾಕಿ. ಒಂಟಿ ವಸ್ತುವನ್ನು ತಿರುಗಿಸಿ ತೋರಿಸಲು ಇದು ಚೆನ್ನ.

ಎರಡನೆಯದು ಜೋಡಿ ನೋಡ್. ಹೊರಗಿನದು ವೈ ಅಕ್ಷದಲ್ಲಿ ಮಾತ್ರ, ಒಳಗಿನದು ಎಕ್ಸ್ ಅಕ್ಷದಲ್ಲಿ ಮಾತ್ರ ತಿರುಗುತ್ತದೆ. ಕ್ಯಾಮೆರಾ ಒಳಗಿನದರ ಮಗು (ಅದರ ಕೆಳಗೆ ಸೇರಿಸಿದ, ಅದರ ಜೊತೆಗೇ ತಿರುಗುವ ನೋಡ್), ಝಡ್‌ ಅಕ್ಷದಲ್ಲಿ ಹಿಂದೆ ಸರಿದಿರುತ್ತದೆ. ಒಂದೇ ನೋಡ್‌ಗೆ ಎರಡೂ ತಿರುವು ಕೊಡುತ್ತಾ ಹೋದರೆ ನೆಲ ವಾಲತೊಡಗುತ್ತದೆ, ಇಲ್ಲಿ ಆ ಕಾಟವಿಲ್ಲ. ನನಗೆ ಜಾಸ್ತಿ ಇಷ್ಟವಾದದ್ದು ಇನ್ನೊಂದು: ಪಾತ್ರ ಯಾವ ಕಡೆ ನಡೆಯಬೇಕು ಎಂಬುದನ್ನು ಹೊರಗಿನ ನೋಡ್‌ನ ಬೇಸಿಸ್‌ನಿಂದ (ಅದು ಯಾವ ಕಡೆ ತಿರುಗಿದೆ ಎಂದು ಹೇಳುವ ಅಕ್ಷಗಳಿಂದ) ನೇರವಾಗಿ ತೆಗೆದುಕೊಳ್ಳಬಹುದು. ಕ್ಯಾಮೆರಾ ಕೆಳಗೆ ಬಾಗಿದ್ದರೂ ನಡಿಗೆ ನೆಲದ ಮೇಲೇ ಇರುತ್ತದೆ.

ಇವೆರಡೂ ಸೋಲುವುದು ಗೋಡೆಯ ಮುಂದೆ. ಕ್ಯಾಮೆರಾ ಸೀದಾ ಒಳಗೆ ನುಗ್ಗುತ್ತದೆ. ಅಲ್ಲಿಗೆ ಬೇಕಾದದ್ದು ಮೂರನೆಯ ಬಗೆ, ಗೋಡಾಟ್‌ನದೇ ಸ್ಪ್ರಿಂಗ್‌ಆರ್ಮ್3ಡಿ ನೋಡ್. ಅಡ್ಡ ಏನಾದರೂ ಸಿಕ್ಕರೆ ತನ್ನ ಮಗುವನ್ನು ಮುಂದಕ್ಕೆ ಎಳೆದುಕೊಳ್ಳುತ್ತದೆ. ಪಾತ್ರದ ದೇಹವನ್ನೇ ಅಡ್ಡಿ ಎಂದು ಎಣಿಸದಂತೆ ಅದನ್ನು ಹೊರಗಿಡುವ ಪಟ್ಟಿಗೆ ಸೇರಿಸಲೇಬೇಕು. ಒಂದೇ ತೊಂದರೆ: ಅಡ್ಡಿ ಸರಿದ ಕೂಡಲೇ ಕ್ಯಾಮೆರಾ ಹಿಂದಕ್ಕೆ ಎಗರುತ್ತದೆ. ಕಂಬಗಳ ಸಾಲಿನ ನಡುವೆ ಓಡಿದರೆ ಕಣ್ಣಿಗೆ ಹಿಂಸೆ.

ಹಾಗಾಗಿ ಜೋಡಿ ನೋಡ್, ಸ್ಪ್ರಿಂಗ್ ಆರ್ಮ್ ಎರಡನ್ನೂ ಕೂಡಿಸಿದೆ. ಒಳಗಿನ ನೋಡ್‌ನ ಕೆಳಗೆ ಆರ್ಮ್ ಒಂದು ಕಡೆ, ಕ್ಯಾಮೆರಾ ಅದರ ಪಕ್ಕದಲ್ಲಿ. ಆರ್ಮ್‌ಗೆ ಪುಟ್ಟ ಗೋಳದ ಶೇಪ್. ಅದು ಹೇಳುವ ಹಿಟ್ ಲೆಂತ್ (ಅಡ್ಡಿಯವರೆಗಿನ ದೂರ) ಕಡಿಮೆಯಾದರೆ ಕ್ಯಾಮೆರಾವನ್ನು ತಕ್ಷಣ ಮುಂದೆ ತರುತ್ತೇನೆ, ಜಾಸ್ತಿಯಾದರೆ ಲರ್ಪ್‌ನಿಂದ (ಎರಡು ಬೆಲೆಗಳ ನಡುವಿನ ಬೆಲೆ ಕೊಡುವ ಫಂಕ್ಷನ್) ನಿಧಾನವಾಗಿ ಹಿಂದೆ ಬಿಡುತ್ತೇನೆ. ಸ್ಕ್ರಿಪ್ಟ್ ನಾಲ್ಕೈದು ಸಾಲು ಬೆಳೆಯುತ್ತದೆ ಅಷ್ಟೇ, ಆಟ ಮಾತ್ರ ಬೇರೆಯೇ ಅನ್ನಿಸುತ್ತದೆ.

ಯಾವ ಬಗೆ ಆರಿಸಿದರೂ ಮೌಸ್‌ನ ರಿಲೇಟಿವ್ ಬೆಲೆಯನ್ನು ಡೆಲ್ಟಾದಿಂದ (ಹಿಂದಿನ ಫ್ರೇಮ್‌ನಿಂದ ಕಳೆದ ಸಮಯ) ಗುಣಿಸಬೇಡಿ. ರಿಲೇಟಿವ್ ಎಂದರೆ ಆಗಲೇ ಮೌಸ್ ಸರಿದಷ್ಟು ದೂರ. ಜಾಯ್‌ಸ್ಟಿಕ್‌ಗೆ ಮಾತ್ರ ಡೆಲ್ಟಾ ಬೇಕು.