ಎಂಟು ವರ್ಷದ ಮನೆ ಕಂಪ್ಯೂಟರ್‌ನಲ್ಲಿ ವಿಂಡೋಸ್ 11: ಒಂದೂವರೆ ವರ್ಷ ಬಳಸಿದ ಮೇಲೆ

ರಾಯಚೂರಿನ ನಮ್ಮ ಮನೆಯ ಕಂಪ್ಯೂಟರನ್ನು 2018ರಲ್ಲಿ ಕೊಂಡೆವು. ಇಂಟೆಲ್ ಐ3-8100 ಪ್ರೊಸೆಸರ್, 8 ಜಿಬಿ ರ್‍ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಮೊದಲ ದಿನದಿಂದ ಅದರಲ್ಲಿ ಇದ್ದದ್ದು ವಿಂಡೋಸ್ 10. ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಪ್ರಶ್ನೆಪತ್ರಿಕೆ ಸಿದ್ಧಪಡಿಸುವುದು, ವಿದ್ಯಾರ್ಥಿಗಳ ಅಂಕಗಳನ್ನು ಶಿಕ್ಷಣ ಇಲಾಖೆಯ ಜಾಲತಾಣವಾದ ಎಸ್‌ಎಟಿಎಸ್‌ನಲ್ಲಿ ತುಂಬುವುದು, ಮಗಳ ಪಿಯುಸಿ ಓದು, ಮನೆಯ ಲೆಕ್ಕಪತ್ರ ಇಷ್ಟೂ ಇದರಲ್ಲೇ ನಡೆಯುತ್ತವೆ. 2024ರ ದಸರಾ ರಜೆಯಲ್ಲಿ ಇದನ್ನು ವಿಂಡೋಸ್ 11ಕ್ಕೆ ಅಪ್‌ಗ್ರೇಡ್ ಮಾಡಿದೆ. ಆ ನಿರ್ಧಾರಕ್ಕೆ ಬರಲು ಸುಮಾರು ಒಂದು ವರ್ಷ ಹಿಡಿಯಿತು.

ತಡವಾದದ್ದಕ್ಕೆ ಮುಖ್ಯ ಕಾರಣ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶ. ಕನ್ನಡ ಗಣಕ ಪರಿಷತ್ತು ರೂಪಿಸಿದ ಈ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ನಾನು ಹತ್ತಾರು ವರ್ಷ ಟೈಪ್ ಮಾಡಿದ ಪ್ರಶ್ನೆಪತ್ರಿಕೆ, ವ್ಯಾಕರಣ ಟಿಪ್ಪಣಿಗಳು ನೂರಾರು ಇವೆ. ಆ ಕಡತಗಳಲ್ಲಿ ನಿಜವಾಗಿ ಉಳಿದಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳೇ. ಅವುಗಳ ಮೇಲೆ ಕನ್ನಡದ ರೂಪ ತೊಡಿಸುವುದು ಫಾಂಟು. ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಒಂದು ಪದವೂ ಓದಲು ಬರುವುದಿಲ್ಲ. ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಕೇತವಿರುವ ಯೂನಿಕೋಡ್‌ನಲ್ಲಿ ಬರೆದವರಿಗೆ ಈ ಚಿಂತೆ ಇಲ್ಲ, ಏಕೆಂದರೆ ನಿರ್ಮಲಾ ಯುಐ ಎಂಬ ಫಾಂಟ್ ಕನ್ನಡ ಲಿಪಿಯನ್ನೂ ಒಳಗೊಂಡು ವಿಂಡೋಸ್ ಜೊತೆಗೇ ಬರುತ್ತದೆ. ನನ್ನಂಥ ಹಳೆಯ ಬಳಕೆದಾರರು ಮಾತ್ರ ಅಪ್‌ಗ್ರೇಡಿಗೆ ಮೊದಲು ಫಾಂಟ್ ಕಡತಗಳನ್ನು ಪೆನ್‌ಡ್ರೈವಿಗೂ ದಾಖಲೆಗಳನ್ನು ಬೇರೊಂದು ಡಿಸ್ಕಿಗೂ ತಪ್ಪದೆ ನಕಲು ಮಾಡಿಟ್ಟುಕೊಳ್ಳಬೇಕು. ನಾನು ಎರಡು ಪ್ರತಿ ಮಾಡಿಟ್ಟೆ.

ಮೈಕ್ರೋಸಾಫ್ಟ್ ಒದಗಿಸುವ ಪಿಸಿ ಹೆಲ್ತ್ ಚೆಕ್ ಎಂಬ ಪರೀಕ್ಷಾ ತಂತ್ರಾಂಶ ಮೊದಲು ನನ್ನ ಯಂತ್ರವನ್ನು ಅನರ್ಹವೆಂದೇ ತೋರಿಸಿತು. ವಿಂಡೋಸ್ 11ಕ್ಕೆ 4 ಜಿಬಿ ರ್‍ಯಾಮ್, 64 ಜಿಬಿ ಜಾಗದ ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಘಟಕ, ಸೆಕ್ಯೂರ್ ಬೂಟ್‌ಗೆ ಒಗ್ಗುವ, ಯಂತ್ರವನ್ನು ಆರಂಭಿಸುವ ಹೊಸ ಪದ್ಧತಿಯಾದ ಯುಇಎಫ್‌ಐ ಮತ್ತು ಅನುಮೋದಿತ ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. ಇಂಟೆಲ್‌ನಲ್ಲಿ ಈ ಪಟ್ಟಿ ಹೆಚ್ಚುಕಡಿಮೆ ಎಂಟನೆಯ ತಲೆಮಾರಿನಿಂದ ಆರಂಭವಾಗುತ್ತದೆ. ನನ್ನ ಪ್ರೊಸೆಸರ್ ಎಂಟನೆಯ ತಲೆಮಾರಿನದೇ ಆಗಿದ್ದರಿಂದ ಅನುಮಾನ ಬಂದು ಯಂತ್ರದ ಮೂಲ ಸೆಟ್ಟಿಂಗ್ಸ್ ಇರುವ ಬಯೋಸ್ ತೆರೆದು ನೋಡಿದರೆ, ಟಿಪಿಎಂನ ಕೆಲಸ ಮಾಡುವ ಇಂಟೆಲ್ ಪಿಟಿಟಿ ಎಂಬ ಆಯ್ಕೆ ಬಂದ್ ಆಗಿತ್ತು. ಅದನ್ನು ಚಾಲೂ ಮಾಡಿದೆ. ಇನ್ನೊಂದು ತೊಡಕು ಡಿಸ್ಕಿನ ಭಾಗಗಳ ಪಟ್ಟಿ ಹಳೆಯ ಎಂಬಿಆರ್ ಪದ್ಧತಿಯಲ್ಲಿದ್ದದ್ದು. ವಿಂಡೋಸ್ 10ರಲ್ಲೇ ಇರುವ ಎಂಬಿಆರ್2ಜಿಪಿಟಿ ಎಂಬ ಸಾಧನದಿಂದ ಮೊದಲು ಪರೀಕ್ಷಿಸಿ, ನಂತರ ಹೊಸ ಪದ್ಧತಿಯಾದ ಜಿಪಿಟಿಗೆ ಬದಲಿಸಿ, ಬಯೋಸಿನಲ್ಲಿ ಬೂಟ್ ವಿಧಾನವನ್ನು ಯುಇಎಫ್‌ಐಗೆ ತಂದ ಮೇಲೆ ಎಲ್ಲ ಸಾಲುಗಳೂ ಹಸಿರಾದವು. ಒಂದು ಕಡತವೂ ಹೋಗಲಿಲ್ಲ. 'ನಿಮ್ಮ ಕಂಪ್ಯೂಟರ್‌ಗೆ ಆಗುವುದಿಲ್ಲ' ಎಂಬ ಸಂದೇಶ ಕಂಡೊಡನೆ ಹೊಸದನ್ನು ಕೊಳ್ಳಲು ಹೊರಡುವವರು ಈ ಎರಡು ಸಂಗತಿಗಳನ್ನು ಒಮ್ಮೆ ನೋಡಬೇಕೆಂದು ನಾನು ಒತ್ತಾಯಪೂರ್ವಕವಾಗಿ ಕೇಳಿಕೊಳ್ಳುತ್ತೇನೆ.

ಅಪ್‌ಗ್ರೇಡಿಗೆ ಮೊದಲೇ ಹಾರ್ಡ್ ಡಿಸ್ಕಿನಲ್ಲಿದ್ದ ವಿಂಡೋಸನ್ನು ಅದಕ್ಕಿಂತ ಬಹಳ ವೇಗದ 256 ಜಿಬಿಯ ಎಸ್‌ಎಸ್‌ಡಿಗೆ ವರ್ಗಾಯಿಸಿದ್ದೆ. ಒಂದೂವರೆ ವರ್ಷದ ಬಳಿಕ ಹಿಂದಿರುಗಿ ನೋಡಿದರೆ, ನಾನು ಮಾಡಿದ್ದರಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಇದೇ. ಮೊದಲು ಯಂತ್ರ ಬಳಕೆಗೆ ಸಿಗಲು ಮೂರು ನಿಮಿಷ ಕಾಯಬೇಕಿತ್ತು, ಈಗ ಅರ್ಧ ನಿಮಿಷವೂ ಬೇಡ. ಈ ವೇಗ ವಿಂಡೋಸ್ 10 ಇದ್ದಾಗಲೇ ಬಂದಿತ್ತು, ಅದರ ಶ್ರೇಯಸ್ಸನ್ನು ಹನ್ನೊಂದಕ್ಕೆ ಕೊಡಲಾರೆ. ಹಾರ್ಡ್ ಡಿಸ್ಕಿನಲ್ಲೇ ವಿಂಡೋಸ್ 11 ನಡೆಸುತ್ತೇನೆ ಎನ್ನುವವರಿಗೆ ನನ್ನ ಸಲಹೆ, ದಯವಿಟ್ಟು ಬೇಡ. ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಹಾಗೆ ಮಾಡಿದ್ದನ್ನು ನೋಡಿದ್ದೇನೆ. ಒಂದು ಕಡತ ತೆರೆಯಲೂ ಅವರು ಕಾದು ಕೂರಬೇಕಾಗಿತ್ತು.

ಅಪ್‌ಗ್ರೇಡ್ ಮಾಡಿದ ದಿನ ಇನ್ವರ್ಟರಿನ ಬ್ಯಾಟರಿ ತುಂಬಿದೆಯೆಂದು ಖಚಿತಪಡಿಸಿಕೊಂಡು ಬೆಳಿಗ್ಗೆಯೇ ಆರಂಭಿಸಿದೆ. ಶಾಖೋತ್ಪನ್ನ ವಿದ್ಯುತ್ ಕೇಂದ್ರವಿರುವ ಜಿಲ್ಲೆ ನಮ್ಮದಾದರೂ ಮನೆಯ ಕರೆಂಟು ಯಾವಾಗ ಹೋಗುವುದೆಂದು ಹೇಳಲಾಗದು, ಇಂಥ ಕೆಲಸ ಅರ್ಧಕ್ಕೆ ನಿಲ್ಲಬಾರದು. ಡೌನ್‌ಲೋಡ್ ಬಿಟ್ಟು ಸುಮಾರು ಒಂದೂವರೆ ತಾಸು ಹಿಡಿಯಿತು. ಅಸಲಿ ವಿಂಡೋಸ್ 10 ಇದ್ದವರಿಗೆ ಇದಕ್ಕೆ ಹಣ ಕೊಡಬೇಕಿಲ್ಲ.

ಮುಂದಿನ ಹತ್ತು ದಿನಗಳನ್ನು ಪರೀಕ್ಷೆಗೆಂದೇ ಇಟ್ಟುಕೊಂಡೆ, ಏಕೆಂದರೆ ಅಷ್ಟರೊಳಗೆ ಮಾತ್ರ ಸೆಟ್ಟಿಂಗ್ಸ್ ಮೂಲಕ ಹಳೆಯದಕ್ಕೆ ಮರಳಲು ಸಾಧ್ಯ. ನುಡಿಯ ಹಳೆಯ ಕಡತಗಳನ್ನು ಒಂದೊಂದಾಗಿ ತೆರೆದೆ. ಫಾಂಟ್‌ಗಳು ಇದ್ದಲ್ಲೇ ಇದ್ದವು, ಒತ್ತಕ್ಷರಗಳು ಕಾಗದದ ಮೇಲೂ ಸರಿಯಾಗಿ ಮೂಡಿದವು. ಆಗ ಆದ ನೆಮ್ಮದಿಯನ್ನು ಇಲ್ಲಿ ಹೇಳದಿರಲಾರೆ. ಎಸ್‌ಎಟಿಎಸ್ ಬ್ರೌಸರಿನಲ್ಲಿ ನಡೆಯುವುದರಿಂದ ಅಲ್ಲಿ ಯಾವ ಬದಲಾವಣೆಯೂ ಇರಲಿಲ್ಲ. ಕೈಕೊಟ್ಟದ್ದು ಸ್ಕ್ಯಾನರ್ ಮಾತ್ರ. ಹನ್ನೆರಡು ವರ್ಷ ಹಳೆಯ ಆ ಯಂತ್ರಕ್ಕೆ ಅದನ್ನು ವಿಂಡೋಸ್ ಜೊತೆ ಬೆಸೆಯುವ ಹೊಸ ಡ್ರೈವರ್ ಸಿಗಲಿಲ್ಲ. ಇಂದಿಗೂ ಅದು ಕಪಾಟಿನಲ್ಲಿದೆ, ದಾಖಲೆಗಳನ್ನು ಮೊಬೈಲಿನಲ್ಲೇ ತೆಗೆಯುತ್ತೇನೆ.

ದಿನಬಳಕೆಯಲ್ಲಿ ರೂಢಿಗೆ ಸಮಯ ಹಿಡಿದದ್ದು ಎರಡಕ್ಕೆ. ಮೌಸಿನ ಬಲಗುಂಡಿ ಒತ್ತಿದರೆ ಬರುವ ಪಟ್ಟಿಯಲ್ಲಿ ಹಳೆಯ ಆಯ್ಕೆಗಳು ಬೇಕೆಂದರೆ ಇನ್ನೊಮ್ಮೆ ಒತ್ತಬೇಕು. ಟಾಸ್ಕ್‌ಬಾರನ್ನು ಪರದೆಯ ಎಡ ಅಂಚಿನಲ್ಲಿ ನಿಲ್ಲಿಸಿಕೊಳ್ಳುತ್ತಿದ್ದೆ, ನಾನು ಅಪ್‌ಗ್ರೇಡ್ ಮಾಡಿದಾಗ ಆ ಸೌಲಭ್ಯ ಇರಲಿಲ್ಲ. ಸ್ಟಾರ್ಟ್ ಗುಂಡಿಯನ್ನು ನಡುವಿನಿಂದ ಎಡಕ್ಕೆ ತರಬಹುದಾಗಿತ್ತು, ಅಷ್ಟೆ. ಹೊಸ ಅಲಂಕಾರಗಳಿಂದ ನನಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ನಲವತ್ತು ಡಿಗ್ರಿ ದಾಟಿದ ಮೇ ತಿಂಗಳಿನಲ್ಲೂ ಯಂತ್ರ ತಾನಾಗಿ ನಿಂತದ್ದಿಲ್ಲ, ಆದರೆ ಫ್ಯಾನಿನ ಧೂಳನ್ನು ಎರಡು ತಿಂಗಳಿಗೊಮ್ಮೆ ನಾನೇ ತೆಗೆಯುತ್ತೇನೆ. ಹಾಗಿದ್ದರೆ ಏಕೆ ಬದಲಿಸಿದೆ ಎಂದರೆ, ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಲಿತ್ತು. ಬ್ಯಾಂಕಿನ ವ್ಯವಹಾರವನ್ನೂ ಮಕ್ಕಳ ಅಂಕಗಳನ್ನೂ ಭದ್ರತಾ ಅಪ್‌ಡೇಟ್ ಬಾರದ ಯಂತ್ರದಲ್ಲಿ ಇಟ್ಟುಕೊಳ್ಳಲು ನನಗೆ ಮನಸ್ಸು ಒಪ್ಪಲಿಲ್ಲ.

ಸಿಂಧನೂರಿನಲ್ಲಿರುವ ಅಣ್ಣನ ಕಂಪ್ಯೂಟರಿಗೆ ಮಾತ್ರ ನನ್ನ ತೀರ್ಮಾನ ಬೇರೆಯಾಯಿತು. "ನಮ್ಮದಕ್ಕೂ ಹನ್ನೊಂದು ಹಾಕಿಬಿಡು ತಮ್ಮಾ, ಹಳೇದು ಬಂದ್ ಆಗ್ತೈತಂತ" ಎಂದು ಅಣ್ಣ ಫೋನಿನಲ್ಲಿ ಹೇಳಿದ್ದ. ಅವನದು ನಾಲ್ಕನೆಯ ತಲೆಮಾರಿನ ಐ3. ನಿಬಂಧನೆಗಳನ್ನು ತಪ್ಪಿಸಿ ಹಾಕುವ ಉಪಾಯಗಳಿವೆ, ಆದರೆ ಹಾಗೆ ಹಾಕಿದ ಯಂತ್ರಕ್ಕೆ ಅಪ್‌ಡೇಟ್ ಬಂದೇ ಬರುತ್ತದೆಂಬ ಖಾತ್ರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಆದ್ದರಿಂದ ಹಳೆಯದು ತಕ್ಷಣ ನಿಂತುಹೋಗುವುದಿಲ್ಲವೆಂದು ಅವನಿಗೆ ವಿವರಿಸಿ, ವಿಂಡೋಸ್ 10ನ್ನೇ ಉಳಿಸಿ, ಅದರ ಕೊನೆಯ ಆವೃತ್ತಿಯಾದ 22ಎಚ್2ಕ್ಕೆ ತಂದು, ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಚಾಲೂ ಮಾಡಿ, ಬೆಂಬಲ ಮುಗಿದ ಮೇಲೂ ಭದ್ರತಾ ಅಪ್‌ಡೇಟ್ ಕೊಡುವ ವಿಸ್ತೃತ ಭದ್ರತಾ ಯೋಜನೆಗೆ ಹಣವಿಲ್ಲದೆ ನೋಂದಾಯಿಸಿದೆ. ಅದರ ಅವಧಿ 2026ರ ಅಕ್ಟೋಬರ್ 13ರವರೆಗೆ. ಅಷ್ಟರೊಳಗೆ ಅವನ ಯಂತ್ರದಲ್ಲಿ ಪೆನ್‌ಡ್ರೈವಿನಿಂದ ವಿಂಡೋಸ್ ಬದಲಿಗೆ ಬಳಸಬಹುದಾದ ಲಿನಕ್ಸ್ ಮಿಂಟ್ ನಡೆಸಿ, ಅವನ ಪ್ರಿಂಟರ್ ಅದಕ್ಕೆ ಒಗ್ಗುತ್ತದೆಯೇ ಎಂದು ನೋಡುವ ಕೆಲಸವನ್ನು ಈ ಬೇಸಿಗೆ ರಜೆಗೆ ಇಟ್ಟುಕೊಂಡಿದ್ದೇನೆ.