ದಾರ, ತೊಗರಿ ಚೀಲ, ಡಿಜಿಟಲ್ ಗೇಜ್: ಮನೆಯಲ್ಲೇ ವೀಲ್ ಅಲೈನ್‌ಮೆಂಟ್ ಮಾಡೋ ಕಿಟ್, ಮೂರು ವರ್ಷ ಬಳಸಿದ ಮೇಲೆ

ಮೊದಲೇ ಹೇಳಿಬಿಡ್ತೀನಿ, 5ಕ್ಕೆ ಮೂರೂವರೆ. ಅದರಲ್ಲೂ ದಾರಕ್ಕೆ ಪೂರ್ತಿ ಐದು, ಡಿಜಿಟಲ್ ಗೇಜ್‌ಗೆ ಎರಡು ಕೊಟ್ಟರೇ ಹೆಚ್ಚು. ಕಂಪನಿ ಹೆಸರು ಬರೆಯಲ್ಲ. ಇದೇ ಥರದ ಕಿಟ್ ಹತ್ತು ಹೆಸರಲ್ಲಿ ಸಿಗುತ್ತೆ, ಒಳಗಿರೋದು ಹೆಚ್ಚುಕಡಿಮೆ ಒಂದೇ: ಗೀರು ಕೊರೆದ ಎರಡು ಅಲ್ಯೂಮಿನಿಯಂ ಕಂಬಿ, ಅವನ್ನು ಕಾರಿಗೆ ಅಂಟಿಸೋ ರಬ್ಬರ್ ಬಟ್ಟಲು, ನೈಲಾನ್ ದಾರ, ಒಂದು ಸ್ಟೀಲ್ ಸ್ಕೇಲು, ಗಾಲಿ ಎಷ್ಟು ವಾಲಿದೆ ಅಂತ ನೋಡೋಕೆ ರಿಮ್‌ಗೆ ತಾಗಿಸಿ ಹಿಡಿಯೋ ಡಿಜಿಟಲ್ ಕ್ಯಾಂಬರ್ ಗೇಜ್. ನನಗೆ ₹14,000 ಚಿಲ್ಲರೆ ಬಿತ್ತು.

ಕಾರು 2016ರ ಪೋಲೋ ಜಿಟಿ ಟಿಎಸ್‌ಐ. ಇದನ್ನ ಸ್ಪೋರ್ಟ್ಸ್ ಕಾರ್ ಅಂದ್ರೆ ನಗೋರು ನಗಲಿ. 1.2 ಲೀಟರ್ ಟರ್ಬೊ, 105 ಪಿಎಸ್, 7 ಗೇರಿನ ಡಿಎಸ್‌ಜಿ, ಅಂದರೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ತಗ್ಗಿಸಿದ ಸ್ಪ್ರಿಂಗು, ಒಳ್ಳೆ ಬ್ರೇಕ್ ಪ್ಯಾಡು, ಗಟ್ಟಿ ಶಾಕಪ್ ಹಾಕಿದ ಮೇಲೆ ಟ್ರ್ಯಾಕ್‌ನಲ್ಲಿ ಇದಕ್ಕಿಂತ ಎರಡು ಪಟ್ಟು ಬೆಲೆಯ ಕಾರುಗಳ ಹಿಂದೆ ಬಿಡದೆ ಹೋಗುತ್ತೆ. ತಿರುವಿನಲ್ಲಿ ಮಾತ್ರ. ನೇರ ದಾರಿ ಬಂತಂದ್ರೆ ಅವರು ಅವರ ಪಾಡಿಗೆ ಹೋಗ್ತಾರೆ.

ಕಲಬುರಗಿಯಲ್ಲಿ ಟ್ರ್ಯಾಕ್ ಇಲ್ಲ. ನಾನು ಹೋಗೋದು ಚೆನ್ನೈ ಪಕ್ಕದ ಇರುಂಗಾಟ್ಟುಕೋಟ್ಟೈಗೆ, ಸುಮಾರು 800 ಕಿಲೋಮೀಟರ್. ಒಂದೆರಡು ಸಲ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ, ಅದು ಇನ್ನೂ ದೂರ. ಕಾರನ್ನು ಲಾರಿ ಮೇಲೆ ಹೇರಿಕೊಂಡು ಹೋಗೋ ಶಕ್ತಿ ನನಗಿಲ್ಲ, ಓಡಿಸಿಕೊಂಡೇ ಹೋಗಿ ಓಡಿಸಿಕೊಂಡೇ ಬರ್ತೀನಿ. ಮುಂದೆ ಹೇಳೋದರಲ್ಲಿ ಅರ್ಧ ಗೋಳು ಇದರಿಂದಲೇ.

ಮೂರು ವರ್ಷದ ಹಿಂದೆ ಚೆನ್ನೈಯಿಂದ ವಾಪಸ್ ಬಂದಾಗ ಮುಂದಿನ ಎರಡೂ ಟೈರ್‌ಗಳ ಹೊರ ಅಂಚು ಆರಿದ ಜೋಳದ ರೊಟ್ಟಿ ಅಂಚಿನ ಹಾಗೆ ಒಡೆದು ನಿಂತಿತ್ತು. ಒಳ ಅರ್ಧ ಹೊಸದರ ಹಾಗೇ ಇತ್ತು. ಕಾರಣ ಸರಳ. ಕಾರು ತಿರುವಿನಲ್ಲಿ ಹೊರಕ್ಕೆ ವಾಲುತ್ತೆ, ಅದರ ಜೊತೆ ಹೊರಗಿನ ಗಾಲಿಯ ತಲೆಯೂ ಹೊರಕ್ಕೆ ವಾಲುತ್ತೆ, ಟೈರು ಪೂರ್ತಿ ಅಗಲದ ಮೇಲೆ ನಿಲ್ಲೋದು ಬಿಟ್ಟು ಅಂಚಿನ ಮೇಲೆ ನಿಲ್ಲುತ್ತೆ. ಅದಕ್ಕೇ ರೇಸ್ ಕಾರುಗಳ ಗಾಲಿ ನಿಂತಾಗಲೇ ತಲೆ ಒಳಗೆ ಬಾಗಿಸಿಕೊಂಡಿರ್ತವೆ. ಅದು ನೆಗೆಟಿವ್ ಕ್ಯಾಂಬರ್. ಪೋಲೋದ ಮುಂದೆ ಇರೋದು ಮ್ಯಾಕ್‌ಫರ್ಸನ್ ಸ್ಟ್ರಟ್, ಸ್ಪ್ರಿಂಗು ಶಾಕಪ್ ಒಂದೇ ಕಂಬದಲ್ಲಿರೋ ಸಸ್ಪೆನ್ಷನ್. ಸ್ಪ್ರಿಂಗ್ ಒತ್ತಿದಾಗ ಇದರಲ್ಲಿ ಕ್ಯಾಂಬರ್ ತಾನಾಗಿ ಹೆಚ್ಚೋದು ಬಹಳ ಕಡಿಮೆ, ನನ್ನ ಹಾಗೆ ಕಾರು ತಗ್ಗಿಸಿದವರಿಗಂತೂ ಇನ್ನೂ ಕಡಿಮೆ. ಕಂಪನಿಯಿಂದ ಬಂದದ್ದು ಅರ್ಧ ಡಿಗ್ರಿ ಆಸುಪಾಸು. ಸ್ಟ್ರಟ್‌ನ ತಲೆಯನ್ನು ಒಳಗೆ ಹೊರಗೆ ಸರಿಸೋ ಕ್ಯಾಂಬರ್ ಪ್ಲೇಟ್ ಮೇಲೆ ಕೂರಿಸಿದೆ, ಈಗ ಮೂರು ಡಿಗ್ರಿಗೂ ಸ್ವಲ್ಪ ಆಚೆವರೆಗೆ ಬಾಗಿಸಬಹುದು.

ಕೂರಿಸಿದ್ದೇನೋ ಆಯ್ತು, ಅಳೆಯೋರು ಯಾರು? ಊರಿನ ಒಂದು ಅಂಗಡಿಗೆ ಹೋದೆ. ಕಂಪ್ಯೂಟರ್ ಅಲೈನ್‌ಮೆಂಟ್, ಚಂದದ ಪರದೆ, ಎಲ್ಲ ಇತ್ತು. ಹುಡುಗ ಮುಂದಿನ ಎರಡು ಗಾಲಿಗೆ ಮಾತ್ರ ಕ್ಲಾಂಪ್ ಹಾಕಿದ.

"ಸಾಹೇಬ್ರ, ಕ್ಯಾಂಬರ್ ಕೆಂಪ ತೋರಸ್ಲಾಕತ್ತದ ನೋಡ್ರಿ. ಗಾಡಿ ಏನರ ಬಡದೀರೇನ್ರಿ?"

"ಬಡದಿಲ್ಲಪಾ, ನಾನೇ ಹಂಗ ಮಾಡೀನಿ. ಅದು ಹಂಗೇ ಇರಲಿ, ಟೋ ಅಷ್ಟ ನೋಡು."

"ಹಸಿರ ಬರಲಾರದ ನಾ ಹೊರಗ ಬಿಡಂಗಿಲ್ರಿ. ಮಾಲಕ್ರು ಬೈತಾರ."

ಟೋ ಅಂದರೆ ಮೇಲಿಂದ ನೋಡಿದಾಗ ಗಾಲಿಯ ಮುಂಭಾಗ ಎಷ್ಟು ಒಳಗೆ (ಟೋ ಇನ್) ಇಲ್ಲಾ ಹೊರಗೆ (ಟೋ ಔಟ್) ಮುಖ ಮಾಡಿದೆ ಅನ್ನೋದು. ಹುಡುಗನದೂ ತಪ್ಪಲ್ಲ. ಆ ಯಂತ್ರಕ್ಕೆ ಗೊತ್ತಿರೋದು ಕಂಪನಿ ಕೊಟ್ಟ ಲೆಕ್ಕ. ಆದರೆ ಅರ್ಧ ಗಂಟೆ ಬಿಟ್ಟು ಅದೇ ಕಾರನ್ನು ಅದೇ ಯಂತ್ರದ ಮೇಲೆ ಮತ್ತೆ ನಿಲ್ಲಿಸಿದಾಗ ಬೇರೆ ಅಂಕಿ ಬಂತು. ಆವತ್ತು ರಾತ್ರಿನೇ ಈ ಕಿಟ್ ತರಿಸಿದೆ.

ಕಿಟ್‌ನ ಪುಸ್ತಕದಲ್ಲಿ "ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ" ಅಂತ ಒಂದೇ ಸಾಲು ಇದೆ. ಆ ಒಂದು ಸಾಲಿಗೆ ನನಗೆ ಎರಡು ಭಾನುವಾರ ಹಿಡೀತು. ನಮ್ಮ ಕಾರ್ ಶೆಡ್‌ಗೆ ಹಾಸಿದ್ದು ಶಹಾಬಾದ್ ಪರಸಿ ಕಲ್ಲು, ಅದೂ ನೀರು ಹರಿದು ಹೋಗಲಿ ಅಂತ ಗೌಂಡಿ ಬೇಕಂತಲೇ ಇಳಿಜಾರು ಕೊಟ್ಟು ಹಾಸಿದ್ದು. ಮನೆ ಕಟ್ಟುವಾಗ ಗೌಂಡಿಗಳು ಬಳಸ್ತಾರಲ್ಲ, ನೀರು ತುಂಬಿದ ಪಾರದರ್ಶಕ ಪೈಪು, ಅದನ್ನೇ ಹಿಡಿದು ನೋಡಿದರೆ ಎಡ ಗಾಲಿಗೂ ಬಲ ಗಾಲಿಗೂ 14 ಮಿ.ಮೀ. ಅಂತರ. ಎಡಬಲ ಗಾಲಿ ನಡುವಿನ ಅಗಲಕ್ಕೆ ಹೋಲಿಸಿದರೆ ಅರ್ಧ ಡಿಗ್ರಿಗಿಂತ ಜಾಸ್ತಿ ಸುಳ್ಳು. ಅದೂ ಒಂದು ಗಾಲಿಗೆ ಕೂಡುತ್ತೆ, ಇನ್ನೊಂದಕ್ಕೆ ಕಳೆಯುತ್ತೆ, ಅಂದರೆ ಎರಡರ ನಡುವೆ ಒಂದು ಡಿಗ್ರಿಗೂ ಮಿಕ್ಕಿದ ವ್ಯತ್ಯಾಸ. ತೆಳು ಪರಸಿ ತುಂಡುಗಳನ್ನು ಗಾಲಿ ಕೆಳಗೆ ಪೇರಿಸಿ ನಾಲ್ಕನ್ನೂ ಒಂದು ಮಿಲಿಮೀಟರ್ ಒಳಗೆ ತಂದೆ. ಪ್ರತಿ ತುಂಡಿಗೂ ಬಣ್ಣದಲ್ಲಿ ಗುರುತು ಬರೆದಿಟ್ಟಿದ್ದೀನಿ, ನೆಲದ ಮೇಲೂ ಗುರುತಿದೆ. ಮೂರು ವರ್ಷದಿಂದ ಕಾರು ಅದೇ ಗುರುತಿನ ಮೇಲೆ ನಿಲ್ಲುತ್ತೆ. ಈ ಕಿಟ್‌ನಿಂದ ನನಗೆ ಸಿಕ್ಕ ದೊಡ್ಡ ಲಾಭ ಅಂದರೆ ಇದೇ: ನನ್ನ ಅಂಕಿ ಜಗತ್ತಿನ ಲೆಕ್ಕಕ್ಕೆ ಸರಿಯೋ ತಪ್ಪೋ ಹೇಳಲಾರೆ, ಆದರೆ ಇವತ್ತಿನ ಅಳತೆಯನ್ನ ಹೋದ ವರ್ಷದ ಅಳತೆಯ ಪಕ್ಕ ಇಟ್ಟು ನೋಡಬಹುದು.

ಇನ್ನೊಂದು, ಪುಸ್ತಕದಲ್ಲಿ ಇಲ್ಲದ್ದು: ಡ್ರೈವರ್ ತೂಕ. ಖಾಲಿ ಕಾರನ್ನು ಅಳೆದರೆ ನೀವು ಕೂತ ಮೇಲೆ ಆ ಲೆಕ್ಕ ಉಳಿಯಲ್ಲ. ನನ್ನ ಕಾರಿನಲ್ಲಿ ಬಲ ಮುಂದಿನ ಕ್ಯಾಂಬರ್ ಸುಮಾರು 0.2 ಡಿಗ್ರಿ ಸರಿಯುತ್ತೆ. ನಾನು 82 ಕೆಜಿ. ಮಾವನ ಅಂಗಡಿ ಗಂಜ್‌ನಲ್ಲಿದೆ (ಊರಿನ ಕಾಳಿನ ಮಾರುಕಟ್ಟೆ), 50 ಕೆಜಿಯ ಒಂದು ಮತ್ತೆ 30 ಕೆಜಿಯ ಒಂದು ತೊಗರಿ ಚೀಲ ಕೇಳಿ ತಂದೆ, ಡ್ರೈವರ್ ಸೀಟಿನಲ್ಲಿ ಕೂರಿಸಿ, ಬೀಳದಿರಲಿ ಅಂತ ಬೆಲ್ಟ್ ಬಿಗಿದೆ. ಅವ್ವ ಚಹಾ ತಂದವಳು ನಿಂತು ನೋಡಿ, "ತೊಗರಿ ಚೀಲಕ್ಕ ಬೆಲ್ಟ್ ಹಾಕೀದಿ, ಮಕ್ಕಳಿಗೆ ಯಾಕ ಹಾಕಂಗಿಲ್ಲ?" ಅಂದಳು. ಅವತ್ತಿಂದ ಮಕ್ಕಳಿಗೂ ಹಾಕ್ತೀನಿ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದ್ದು ರುಚಿಗೆ, ಆದರೆ ಕ್ಯಾಂಬರ್ ಹಿಡಿಯೋದಕ್ಕೂ ಇದು ಬೆಸ್ಟ್. ಮರಳು ಚೀಲದ ಹಾಗೆ ಸೀಟು ಹೊಲಸಾಗಲ್ಲ.

ಈಗ ಕಿಟ್‌ನ ದಾರದ ವಿಚಾರ. ಮುಂದೊಂದು ಹಿಂದೊಂದು ಕಂಬಿ, ಅವುಗಳ ಗೀರಿನಲ್ಲಿ ಎರಡೂ ಬದಿ ದಾರ ಎಳೆದರೆ ಕಾರಿನ ಸುತ್ತ ಒಂದು ಆಯತ ಆಗುತ್ತೆ. ದಾರದಿಂದ ಹಬ್‌ನ ನಡುವಿಗೆ ಎಡಬಲ ದೂರ ಸಮ ಮಾಡಿಕೊಳ್ಳಬೇಕು, ಮುಂದಿನದು ಮುಂದಿನದಕ್ಕೆ, ಹಿಂದಿನದು ಹಿಂದಿನದಕ್ಕೆ. ಮುಂದಿನ ಅಗಲ ಹಿಂದಿನ ಅಗಲ ಒಂದೇ ಇರಲ್ಲ, ಅಲ್ಲಿ ಮೋಸ ಹೋಗಬೇಡಿ. ಆಮೇಲೆ ರಿಮ್‌ನ ಮುಂದಿನ ಅಂಚಿಂದ ದಾರಕ್ಕೆ ಎಷ್ಟು, ಹಿಂದಿನ ಅಂಚಿಂದ ಎಷ್ಟು ಅಂತ ಸ್ಕೇಲ್ ಹಿಡಿದು ನೋಡೋದು. ಎರಡರ ವ್ಯತ್ಯಾಸವೇ ಆ ಗಾಲಿಯ ಟೋ. ನನ್ನ 15 ಇಂಚಿನ ರಿಮ್‌ಗೆ 1 ಮಿ.ಮೀ. ಅಂದರೆ ಸುಮಾರು 0.14 ಡಿಗ್ರಿ. ಸ್ಕೇಲಿನ ಮೇಲೆ ಅರ್ಧ ಮಿಲಿಮೀಟರ್ ಓದೋಕೆ ಬರುತ್ತೆ. ಬ್ಯಾಟರಿ ಬೇಡ, ಕ್ಯಾಲಿಬ್ರೇಶನ್ ಬೇಡ.

ಮೊದಲ ಸಲ ದಾರ ಎಳೆದ ದಿನವೇ ಅಂಗಡಿಯಲ್ಲಿ ಕಾಣದ್ದು ಕಂಡಿತು. ಹಿಂದಿನ ಎಡ ಗಾಲಿ 1 ಮಿ.ಮೀ. ಟೋ ಇನ್, ಹಿಂದಿನ ಬಲ ಎರಡೂವರೆ. ಅಂದರೆ ಕಾರಿನ ಹಿಂಭಾಗ ಸದಾ ಒಂದು ಬದಿಗೆ ನೂಕುತ್ತಾ ಇತ್ತು, ಅದನ್ನು ಸರಿದೂಗಿಸೋಕೆ ನಾನು ಸ್ಟೇರಿಂಗ್ ಒಂದಿಷ್ಟು ತಿರುಗಿಸಿ ಹಿಡಿದಿರ್ತಿದ್ದೆ. ಎಷ್ಟು ಸಲ ಮುಂದಿನ ಅಲೈನ್‌ಮೆಂಟ್ ಮಾಡಿಸಿದರೂ ಸ್ಟೇರಿಂಗ್ ಸೊಟ್ಟ ಯಾಕೆ ನಿಲ್ಲುತ್ತೆ ಅನ್ನೋ ಪ್ರಶ್ನೆಗೆ ಉತ್ತರ ಹಿಂದೆ ಕೂತಿತ್ತು. ಪೋಲೋದ ಹಿಂದೆ ಟಾರ್ಶನ್ ಬೀಮ್, ಅಂದರೆ ಎರಡೂ ಗಾಲಿಯನ್ನು ಜೋಡಿಸೋ ಒಂದೇ ತೊಲೆ, ತಿರುಗಿಸೋಕೆ ಬೋಲ್ಟೇ ಇಲ್ಲ. ಗಾಲಿ ಕೂರೋ ಸ್ಟಬ್ ಆಕ್ಸಲ್ಲಿಗೂ ಬೀಮಿಗೂ ನಡುವೆ ಒಂದು ಕಡೆ ದಪ್ಪ ಒಂದು ಕಡೆ ತೆಳು ಇರೋ ಲೋಹದ ಬಿಲ್ಲೆ, ಅಂದರೆ ಶಿಮ್ ಹಾಕಬೇಕು. ಹಾಕಿದೆವು. ಈಗ ಎರಡೂ ಒಂದೂಕಾಲು ಆಸುಪಾಸು.

ಮುಂದಿನದಕ್ಕೆ ಟ್ರ್ಯಾಕ್‌ನಲ್ಲಿ ಒಟ್ಟು 2 ಮಿ.ಮೀ. ಟೋ ಔಟ್ ಇಡ್ತೀನಿ. ಮುಂದಿನ ಗಾಲಿ ಎಳೆಯೋ ಕಾರು ಇದು, ಆಕ್ಸಿಲರೇಟರ್ ಒತ್ತಿದಾಗ ಗಾಲಿಗಳು ಒಳಕ್ಕೆ ಮುಖ ಮಾಡೋಕೆ ನೋಡ್ತವೆ. ಮೊದಲೇ ಸ್ವಲ್ಪ ಹೊರಗೆ ಇಟ್ಟಿದ್ದರೆ ಲೆಕ್ಕ ಸರಿಹೋಗುತ್ತೆ. ಸ್ಟೇರಿಂಗ್ ತಿರುಗಿಸಿದ ತಕ್ಷಣ ಮೂಗು ಒಳಗೆ ಹೋಗುತ್ತೆ. ಆದರೆ ಇದೇ ಸೆಟ್ಟಿಂಗ್‌ನಲ್ಲಿ 800 ಕಿಲೋಮೀಟರ್ ಹೈವೇ ಓಡಿಸಿದರೆ ಟೈರಿನ ಒಳ ಅಂಚು ಸವೆದು ಹೋಗುತ್ತೆ. ಎಲ್ಲರೂ ಕ್ಯಾಂಬರ್‌ಗೆ ಬೈತಾರೆ. ನನ್ನ ಅನುಭವದಲ್ಲಿ ಟೈರ್ ತಿನ್ನೋದು ಟೋ, ಕ್ಯಾಂಬರ್ ಬರೀ ಎಲ್ಲಿ ತಿನ್ನಬೇಕು ಅಂತ ಜಾಗ ತೋರಿಸುತ್ತೆ. ಹಾಗಾಗಿ ಊರಿಂದ ಹೊರಡುವಾಗ ಟೋ ಸೊನ್ನೆ, ಅಲ್ಲಿ ಹೋದ ಮೇಲೆ ಟೈರಾಡ್ (ಸ್ಟೇರಿಂಗ್‌ನಿಂದ ಗಾಲಿಗೆ ಹೋಗೋ ಸರಳು) ಎರಡೂ ಕಡೆ ಕಾಲು ಸುತ್ತು. ನನ್ನ ಕಾರಿನಲ್ಲಿ ಕಾಲು ಸುತ್ತಿಗೆ ಹೆಚ್ಚುಕಡಿಮೆ 1 ಮಿ.ಮೀ. ಬರುತ್ತೆ, ಇದನ್ನ ದಾರ ಹಿಡಿದೇ ಕಂಡುಕೊಂಡಿದ್ದು. ಬಿಳಿ ಬಣ್ಣದ ಗೆರೆ ಎಳೆದಿದ್ದೀನಿ, ಪಿಟ್‌ನಲ್ಲಿ ಎರಡು ಪಾನಾ, ಹತ್ತು ನಿಮಿಷ.

ಈ ಹತ್ತು ನಿಮಿಷದಲ್ಲೇ ಒಮ್ಮೆ ಎಡವಟ್ಟೂ ಆಯ್ತು. ಎರಡನೇ ವರ್ಷ, ವಾಪಸ್ ಬಂದು ಮನೆಯಲ್ಲಿ ಟೋ ತಿದ್ದಿ, ಫೋನ್ ಬಂತು ಅಂತ ಎದ್ದು ಹೋದವನು ಎಡ ಟೈರಾಡ್‌ನ ಲಾಕ್ ನಟ್ ಬಿಗಿಯೋದೇ ಮರೆತೆ. ನಾಲ್ಕು ದಿನ ಏನೂ ಗೊತ್ತಾಗಲಿಲ್ಲ. ಐದನೇ ದಿನ ರಿಂಗ್ ರಸ್ತೆಯಲ್ಲಿ ಕಾರು ಸಣ್ಣಗೆ ಎಡಕ್ಕೆ ಎಳೆಯೋಕೆ ಶುರು ಮಾಡ್ತು, ಸ್ಟೇರಿಂಗ್ ಮಧ್ಯ ಎಲ್ಲಿ ಅಂತ ತಿಳೀಲಿಲ್ಲ. ನಿಲ್ಲಿಸಿ ಬಗ್ಗಿ ನೋಡಿದರೆ ನಟ್ ಬೆರಳಲ್ಲೇ ತಿರುಗ್ತಿತ್ತು. ಅಲ್ಲೇ ರಸ್ತೆ ಬದಿ ಕೂತು ಬೆವರು ಒರೆಸಿಕೊಂಡೆ. ಆಮೇಲಿಂದ ನಟ್ ಬಿಗಿದ ಮೇಲೆ ಅದರ ಮೇಲೆ ಪೆನ್ನಿನ ಗೆರೆ ಬೀಳದೆ ಕಾರಿನ ಕೆಳಗಿಂದ ಏಳಲ್ಲ, ಯಾರ ಫೋನ್ ಬಂದರೂ.

ಗೇಜ್ ಮೇಲೆ ಸಿಟ್ಟು ಯಾಕೆ ಅಂದರೆ, ಬಿಸಿಲಿಗೆ ಅದು ಸುಳ್ಳು ಹೇಳುತ್ತೆ. ಏಪ್ರಿಲ್ ಮಧ್ಯಾಹ್ನ ಇಲ್ಲಿ 42 ಡಿಗ್ರಿ ದಾಟೋದು ಮಾಮೂಲು. ಬೆಳಗ್ಗೆ ಆರಕ್ಕೆ −2.8 ತೋರಿಸಿದ್ದು ಮಧ್ಯಾಹ್ನ ಎರಡಕ್ಕೆ −2.5, ಕಾರು ಮುಟ್ಟಿಯೇ ಇಲ್ಲ. ಇದನ್ನು ಹಿಡಿಯೋ ಉಪಾಯ ಸುಲಭ: ಒಂದೇ ಜಾಗದಲ್ಲಿ ಗೇಜ್ ಇಟ್ಟು ಓದಿ, ಹಿಂದುಮುಂದು ತಿರುಗಿಸಿ ಇಟ್ಟು ಮತ್ತೆ ಓದಿ. ಅಂಕಿ ಅದೇ ಇದ್ದು ಚಿಹ್ನೆ ಮಾತ್ರ ಬದಲಾದರೆ ಗೇಜ್ ನೆಟ್ಟಗಿದೆ, ಇಲ್ಲದಿದ್ದರೆ ಅದರ ಸೊನ್ನೆ ಜಾರಿದೆ. ಮತ್ತೊಂದು ಮಾತು, ನಮ್ಮ ರಸ್ತೆಗಳ ಗುಂಡಿಯಲ್ಲಿ ಇಳಿದ ರಿಮ್ ಯಾವುದೂ ಪೂರ್ತಿ ದುಂಡಗಿಲ್ಲ. ಒಮ್ಮೆ ಓದಿ, ಕಾರನ್ನು ಗಾಲಿ ಅರ್ಧ ಸುತ್ತುವಷ್ಟು ಸರಿಸಿ ಮತ್ತೆ ಓದಿ, ಎರಡರ ಸರಾಸರಿ ತಗೊಳ್ಳಿ. ಕ್ಯಾಸ್ಟರ್, ಅಂದರೆ ಸ್ಟೇರಿಂಗ್ ತಿರುಗಿಸಿದಾಗ ಗಾಲಿ ತಿರುಗೋ ಅಕ್ಷ ಹಿಂದಕ್ಕೆ ಎಷ್ಟು ವಾಲಿದೆ ಅನ್ನೋದನ್ನೂ ಇದರಲ್ಲೇ ಅಳೆಯಬಹುದು: ಗಾಲಿ 20 ಡಿಗ್ರಿ ಆ ಕಡೆ, 20 ಡಿಗ್ರಿ ಈ ಕಡೆ ತಿರುಗಿಸಿ ಕ್ಯಾಂಬರ್ ಓದಿ, ವ್ಯತ್ಯಾಸವನ್ನು ಒಂದೂವರೆಯಿಂದ ಗುಣಿಸಿದರೆ ಹತ್ತಿರದ ಉತ್ತರ. ತಿರುಗೋ ಪ್ಲೇಟ್ ಕಿಟ್‌ನಲ್ಲಿಲ್ಲ, ಎರಡು ನುಣುಪು ಟೈಲ್ಸ್ ನಡುವೆ ಗ್ರೀಸ್ ಬಳಿದು ಗಾಲಿ ಕೆಳಗೆ ಇಡ್ತೀನಿ.

ರಬ್ಬರ್ ಬಟ್ಟಲು ಮೊದಲ ಬೇಸಿಗೆಗೇ ಕೈಕೊಟ್ಟವು. ಧೂಳು, ಶಾಖ, ಎರಡೂ ಸೇರಿ ಅಂಟೋದೇ ಬಿಟ್ಟವು, ಕಂಬಿ ಬಂಪರ್ ಮೇಲೆ ಬಿದ್ದು ಗೀಚಿತು. ಕಪನೂರಿನ ವೆಲ್ಡಿಂಗ್ ಅಂಗಡಿಯಲ್ಲಿ ಆಂಗಲ್ ಕಬ್ಬಿಣದ ನಾಲ್ಕು ಸ್ಟ್ಯಾಂಡ್ ಮಾಡಿಸಿಕೊಂಡೆ. ಕಿಟ್‌ನ ದಾರವೂ ಬಿಸಿಲಿಗೆ ಸಡಿಲ ಆಗ್ತಿತ್ತು, ಈಗ ಮೀನು ಹಿಡಿಯೋ ಹೆಣೆದ ದಾರ.

ಇಷ್ಟೆಲ್ಲ ಮಾಡಿ ಸಿಕ್ಕಿದ್ದೇನು ಅಂದರೆ, ನೋಟ್‌ಬುಕ್ಕಿನಿಂದ ಹೇಳ್ತೀನಿ. ಟ್ರ್ಯಾಕ್‌ನಿಂದ ಒಳಗೆ ಬಂದ ಕೂಡಲೇ ಹೆಚ್ಚು ಹೊರೆ ಬೀಳೋ ಮುಂದಿನ ಟೈರಿಗೆ ಸೂಜಿ ಚುಚ್ಚೋ ಥರ್ಮಾಮೀಟರ್‌ನಿಂದ ಮೂರು ಕಡೆ ಬಿಸಿ ನೋಡ್ತೀನಿ. ಕಂಪನಿ ಕ್ಯಾಂಬರ್‌ನಲ್ಲಿ ಹೊರ ಅಂಚು 96, ನಡು 84, ಒಳಗೆ 72 ಡಿಗ್ರಿ. −2.8ರಲ್ಲಿ ಹೊರಗೆ 84, ನಡು 87, ಒಳಗೆ 91. ಆಸೆ ಬಿದ್ದು −3.0ರ ಆಚೆಗೂ ಸ್ವಲ್ಪ ತಳ್ಳಿ ನೋಡಿದೆ. ತಿರುವಿನಲ್ಲಿ ಹೆಚ್ಚೇನೂ ಸಿಗಲಿಲ್ಲ, ಬ್ರೇಕ್ ಹಾಕಿದಾಗ ಮುಂದಿನ ಗಾಲಿ ಬೇಗ ಲಾಕ್ ಆಗೋಕೆ ಬರ್ತಿತ್ತು. ವಾಪಸ್ −2.8. ಮೊದಲು ಎರಡು ಟ್ರ್ಯಾಕ್ ಡೇಗೆ ಮುಗೀತಿದ್ದ ಮುಂದಿನ ಟೈರು ಈಗ ಐದಕ್ಕೆ ಬರುತ್ತೆ. ಟೈರಿನ ಉಳಿತಾಯದಲ್ಲೇ ಕಿಟ್‌ನ ದುಡ್ಡು ವಸೂಲಾಗಿ ಬಹಳ ದಿನ ಆಯ್ತು.

ಕೊಳ್ಳೋರಿಗೆ ಒಂದು ಕ್ರಮ: ಮೊದಲು ಗಾಳಿ, ಆಮೇಲೆ ಕಾರಿನ ಎತ್ತರ, ಆಮೇಲೆ ಕ್ಯಾಂಬರ್, ಕಟ್ಟಕಡೆಗೆ ಟೋ. ಕ್ಯಾಂಬರ್ ಮುಟ್ಟಿದರೆ ಟೋ ತಾನೇ ಓಡಿ ಹೋಗುತ್ತೆ. ಜಾಕ್ ಇಳಿಸಿದ ಮೇಲೆ ಕಾರನ್ನು ಹತ್ತಡಿ ಹಿಂದೆ ಮುಂದೆ ಉರುಳಿಸದೆ ಅಳೆಯಬೇಡಿ, ಸಸ್ಪೆನ್ಷನ್ ಕೂತಿರಲ್ಲ. ಬರೀ ಊರೊಳಗೆ ಓಡಿಸೋ ಕಾರಿಗೆ ಇದೇನೂ ಬೇಡ, ಅಂಗಡಿಯ ಹಸಿರು ಬಣ್ಣ ಸಾಕು. ದುಡ್ಡು ಉಳಿಸಬೇಕು ಅಂದರೆ ಗೇಜ್ ಬೇರೆ ಒಳ್ಳೆಯದು ಕೊಂಡು, ಕಂಬಿ ಮತ್ತು ದಾರ ಊರಲ್ಲೇ ಮಾಡಿಸಿಕೊಳ್ಳಬಹುದು.

ನನ್ನ ಕಾರಿನ ಎಂಜಿನ್ ನೋಡೋ ಉಸ್ತಾದ್ ಮೊದಲ ವರ್ಷವಿಡೀ ಈ ದಾರ ನೋಡಿ ನಗ್ತಿದ್ದರು, "ಪತಂಗ ಹಾರಸ್ತೀರೇನ್ರಿ ಸಾಹೇಬ್ರ" ಅಂತ. ಹೋದ ತಿಂಗಳು ಒಂದು ಗೂಡ್ಸ್ ಗಾಡಿ ಎಡಕ್ಕೇ ಎಳೀತದ ಅಂತ ಕಂಬಿ, ದಾರ, ಸ್ಕೇಲು ಮೂರೂ ಒಯ್ದರು. ಗಾಡಿ ಸರಿಹೋಯ್ತಂತೆ. ಕಿಟ್ ಇನ್ನೂ ಅವರ ಗ್ಯಾರೇಜಿನಲ್ಲೇ ಇದೆ, ಕೇಳಿದಾಗೆಲ್ಲ "ನಾಳಿಗಿ ಕಳಸ್ತೀನ್ರಿ" ಅಂತಾರೆ.