ಲೇಸರ್ ಕನ್ನಡಿಗಳನ್ನು ಎಷ್ಟು ದೂರ ಇಟ್ಟರೂ ನಡೆಯುತ್ತದೆ ಎನ್ನುವವರನ್ನು ನಂಬಬೇಡಿ

ಹಳೆಯ ಲೇಸರ್ ಕೊಂಡು ಸ್ವತಃ ಜೋಡಿಸಿಕೊಳ್ಳುವ ಯೋಚನೆ ದಾವಣಗೆರೆ, ಹರಿಹರ ಕಡೆಯ ವರ್ಕ್‌ಶಾಪ್‌ನವರಲ್ಲಿ ಯಾರಿಗಾದರೂ ಇದ್ದರೆ, ಮುಂಗಡ ಕೊಡುವ ಮೊದಲು ಇದನ್ನು ಓದಿ.

ಹೋದ ಬೇಸಿಗೆಯಲ್ಲಿ ನಾನು ಮತ್ತು ನಮ್ಮ ಭಾವ ಪಿ.ಬಿ. ರಸ್ತೆಯ ಶೆಡ್ಡಿಗೆ, ಕೆತ್ತನೆಗೂ ಬೆಸುಗೆಗೂ ಬಳಸುವ ನಿಯೋಡಿಮಿಯಂ-ಯಾಗ್ ಲೇಸರ್ ಒಂದನ್ನು ತಂದೆವು. ಎರಡು ಕ್ರಿಪ್ಟಾನ್ ದೀಪ, ಅವುಗಳ ನಡುವೆ ಕಿರುಬೆರಳಿಗಿಂತ ತೆಳುವಾದ ಹರಳಿನ ರಾಡ್, 5 ಕಿಲೋವಾಟ್‌ವರೆಗೆ ಕೊಡುವ ಪವರ್ ಸಪ್ಲೈ. ರೆಸೋನೇಟರ್ ಮಾತ್ರ, ಅಂದರೆ ರಾಡಿನ ಎರಡೂ ಬದಿಗೆ ನಿಂತು ಬೆಳಕನ್ನು ಹಿಂದೆ ಮುಂದೆ ಓಡಾಡಿಸುವ ಕನ್ನಡಿಗಳ ಜೋಡಣೆ, ನಾವೇ ಮಾಡಿಕೊಳ್ಳಬೇಕಿತ್ತು. ಮಾರಿದವರು ಹೇಳಿದ್ದು ಇಷ್ಟು: "ಎರಡೂ ಚಪ್ಪಟೆ ಕನ್ನಡಿ ಸಾಕು ಸಾರ್. ರಾಡ್ ಬಿಸಿಯಾದರೆ ಅದೇ ಮಸೂರವಾಗಿ ಬೆಳಕನ್ನು ಒಳಗೆ ಹಿಡಿದಿಡುತ್ತದೆ. ಕನ್ನಡಿ ಎಷ್ಟು ದೂರ ಇಟ್ಟರೂ ನಡೆಯುತ್ತದೆ."

ಮೊದಲಿನದೆಲ್ಲ ನಿಜ. ಕೊನೆಯ ಮಾತು ನಮ್ಮ ನಾಲ್ಕು ತಿಂಗಳನ್ನು ನುಂಗಿತು.

ಕೆತ್ತನೆ ಕೆಲಸಕ್ಕೆ ಕಿರಣ ನಯವಾಗಿರಲಿ ಎಂದು ಕನ್ನಡಿಗಳನ್ನು 120 ಸೆಂಟಿಮೀಟರ್ ದೂರ ಇಟ್ಟೆವು. ಒಂದು ಬದಿಗೆ ಕ್ಯೂ-ಸ್ವಿಚ್ (ಬೆಳಕನ್ನು ತಡೆದು ಜೋರಾದ ಸಣ್ಣ ಮಿಡಿತಗಳಾಗಿ ಬಿಡುವ ಸಾಧನ) ಕೂರಬೇಕಾಗಿದ್ದರಿಂದ ರಾಡ್ ನಟ್ಟನಡುವೆ ಬರಲಿಲ್ಲ. ಒಂದು ಕನ್ನಡಿಗೆ 50, ಇನ್ನೊಂದಕ್ಕೆ 70 ಸೆಂಟಿಮೀಟರ್ ಆಯಿತು. ದೀಪಕ್ಕೆ ಕೊಡುವ ವಿದ್ಯುತ್ 1.7 ಕಿಲೋವಾಟ್ ಆಗುವವರೆಗೆ ಎಲ್ಲವೂ ಚೆಂದ. ಅಲ್ಲಿಂದ ಮುಂದೆ ಕಿರಣದ ಶಕ್ತಿ ತೋರಿಸುವ ಮೀಟರಿನ ಮುಳ್ಳು ಕೆಳಗಿಳಿಯತೊಡಗಿತು. ದೀಪ ಹಳತಾಗಿದೆ ಎಂದುಕೊಂಡು ದೀಪ ಬದಲಿಸಿದೆವು. ಏಪ್ರಿಲ್ ಬಿಸಿಲಿಗೆ, ರಾಡಿನ ಸುತ್ತ ಹರಿಯುವ ನೀರನ್ನು ತಂಪು ಮಾಡುವ ಚಿಲ್ಲರ್ ಸೋತಿರಬೇಕು ಎಂದು ಅದನ್ನೂ ಬಿಚ್ಚಿ ನೋಡಿದೆವು. ಅಯಾನು ತೆಗೆದ ನೀರನ್ನು ಎರಡು ಸಲ ಹೊಸದಾಗಿ ತುಂಬಿದೆವು. ಮುಳ್ಳು ಅದೇ ಜಾಗದಲ್ಲಿ ಇಳಿಯುತ್ತಿತ್ತು; 2.4 ದಾಟಿದರೆ ತಾನಾಗಿ ಮೇಲೇಳುತ್ತಿತ್ತು. ಮೇಲೆದ್ದಿತಲ್ಲ ಎಂಬ ಧೈರ್ಯದಲ್ಲಿ 4 ಕಿಲೋವಾಟ್‌ನತ್ತ ಏರಿಸಿದೆವು. ಅಲ್ಲಿಗೆ ಮುಟ್ಟಿದ ಸ್ವಲ್ಪ ಹೊತ್ತಿಗೆ ಕಿರಣವೇ ನಿಂತುಹೋಯಿತು.

ಕನ್ನಡಿ ಬಿಚ್ಚಿ ಟ್ಯೂಬ್‌ಲೈಟಿನ ಕೆಳಗೆ ಓರೆ ಹಿಡಿದೆ. ನಡುವೆ ಗುಂಡುಸೂಜಿಯ ತಲೆಯಷ್ಟು ಬೂದು ಚುಕ್ಕೆ, ಸುತ್ತ ಎಣ್ಣೆ ಬಿದ್ದ ನೀರಿನಂತೆ ಬಣ್ಣದ ಉಂಗುರ. ಲೇಪನ ಸುಟ್ಟುಹೋಗಿತ್ತು. ಮಾರಿದವರಿಗೆ ಫೋನ್ ಮಾಡಿದರೆ, "ನಿಮ್ಮ ಅಲೈನ್‌ಮೆಂಟ್ ಸರಿಯಿಲ್ಲ" ಎಂದರು. ಹೊಸ ಕನ್ನಡಿ ತರಿಸಿ, ಒಂದು ವಾರ ಕೂತು ಅಲೈನ್‌ಮೆಂಟ್ ಮಾಡಿದೆವು. ಅದೂ ಅದೇ ಜಾಗದಲ್ಲಿ ಸುಟ್ಟಿತು.

ಕೊನೆಗೆ ಚಿತ್ರದುರ್ಗದಿಂದ ನಮಗೆ ಭೌತಶಾಸ್ತ್ರ ಕಲಿಸಿದ ಮೇಷ್ಟ್ರನ್ನು ಕರೆತಂದೆವು. ಅವರು ಕನ್ನಡಿಗಳನ್ನು ಮುಟ್ಟಲೇ ಇಲ್ಲ. "ರಾಡಿನ ಸಂಗಮದೂರ ಎಷ್ಟಪ್ಪ?" ಎಂದು ಕೇಳಿದರು. ಅಂದರೆ, ಮಸೂರವಾದ ರಾಡ್ ಬೆಳಕನ್ನು ಎಷ್ಟು ದೂರದಲ್ಲಿ ಒಂದು ಚುಕ್ಕೆಗೆ ಸೇರಿಸುತ್ತದೆ ಎಂದು. ನಾವು ಅಳೆದೇ ಇರಲಿಲ್ಲ. ಕನ್ನಡಿಗಳನ್ನು ತೆಗೆಸಿ, ದೀಪ ಉರಿಸಿ, ಅಗಲ ಮಾಡಿದ ಹೀಲಿಯಂ-ನಿಯಾನ್ ಲೇಸರಿನ ಕೆಂಪು ಕಿರಣವನ್ನು ರಾಡಿನ ಮೂಲಕ ಹಾಯಿಸಿ, ಆಚೆ ಬದಿಯಲ್ಲಿ ಬಿಳಿ ಕಾಗದವನ್ನು ಹಿಂದೆ ಮುಂದೆ ಸರಿಸಿದರು. 2 ಕಿಲೋವಾಟ್‌ನಲ್ಲಿ ಕೆಂಪು ಚುಕ್ಕೆ ಅತಿ ಚಿಕ್ಕದಾದದ್ದು 60 ಸೆಂಟಿಮೀಟರ್ ದೂರದಲ್ಲಿ. ರಾಡಿನ ನಡುಭಾಗ ಬಿಸಿ, ನೀರು ತಾಗುವ ಅಂಚು ತಂಪು. ಆ ವ್ಯತ್ಯಾಸವೇ ಉಷ್ಣ ಮಸೂರ. ವಿದ್ಯುತ್ ದುಪ್ಪಟ್ಟಾದರೆ ಸಂಗಮದೂರ ಅರ್ಧಕ್ಕಿಳಿಯುತ್ತದೆ.

ನಂತರದ ಲೆಕ್ಕಕ್ಕೆ ಅರ್ಧ ಹಾಳೆ ಸಾಕಾಯಿತು. ಚಪ್ಪಟೆ ಕನ್ನಡಿಗಳ ನಡುವೆ ಬೆಳಕು ಚೆದುರದೆ ನಿಲ್ಲಬೇಕಾದರೆ (1 − 50/ಸಂಗಮದೂರ) × (1 − 70/ಸಂಗಮದೂರ) ಎಂಬ ಗುಣಲಬ್ಧ 0 ಮತ್ತು 1ರ ನಡುವೆ ಇರಬೇಕು. ಸಂಗಮದೂರ 70ರಿಂದ 50ಕ್ಕೆ ಇಳಿಯುವಾಗ ಅದು ಸೊನ್ನೆಗಿಂತ ಕೆಳಗೆ ಹೋಗುತ್ತದೆ. ನಮ್ಮ ರಾಡಿಗೆ ಅದು ಸರಿಯಾಗಿ 1.7ರಿಂದ 2.4 ಕಿಲೋವಾಟ್. ಹಳೆಯ ದೀಪದಲ್ಲಿ ದೋಷವೇ ಇರಲಿಲ್ಲ! ಸಂಗಮದೂರ ಸುಮಾರು 29 ಸೆಂಟಿಮೀಟರ್ ಆದಾಗ ಇನ್ನೊಂದು ಗಡಿ. ಅಲ್ಲಿ ರಾಡ್ ಒಂದು ಕನ್ನಡಿಯ ಬಿಂಬವನ್ನು ಇನ್ನೊಂದರ ಮೇಲೆ ಮೂಡಿಸುತ್ತದೆ. ಶಾಲೆಯ ಮಸೂರ ಸೂತ್ರವೇ ಸಾಕು: 1/50 + 1/70 ಎಂದರೆ ಹೆಚ್ಚು ಕಡಿಮೆ 1/29. ಆ ಗಡಿ ಹತ್ತಿರವಾದಂತೆ ಕನ್ನಡಿಯ ಮೇಲಿನ ಬೆಳಕಿನ ಚುಕ್ಕೆ ಕುಗ್ಗುತ್ತಾ ಹೋಗುತ್ತದೆ, ಇಡೀ ಶಕ್ತಿ ಗುಂಡುಸೂಜಿಯ ತಲೆಯಷ್ಟು ಜಾಗಕ್ಕೆ ಬೀಳುತ್ತದೆ. ನಮಗೆ ಆ ಗಡಿ 4.1 ಕಿಲೋವಾಟ್‌ನಲ್ಲಿತ್ತು. ಕನ್ನಡಿಗಳನ್ನು ನಾವೇ ಕೈಯಾರೆ ಸುಟ್ಟಿದ್ದೆವು.

ಈಗ ಕನ್ನಡಿಗಳು 60 ಸೆಂಟಿಮೀಟರ್ ಅಂತರದಲ್ಲಿವೆ, ರಾಡ್ ನಟ್ಟನಡುವೆ ಇದೆ. ಹೀಗಿಟ್ಟರೆ ಸಂಗಮದೂರ 15 ಸೆಂಟಿಮೀಟರಿಗೆ ಇಳಿಯುವವರೆಗೆ ಭಯವಿಲ್ಲ. 5 ಕಿಲೋವಾಟ್‌ನಲ್ಲೂ ನಮ್ಮದು 24ಕ್ಕಿಂತ ಕೆಳಗೆ ಹೋಗುವುದಿಲ್ಲ. ಇದಕ್ಕೆ ಬೆಲೆಯನ್ನೂ ತೆತ್ತಿದ್ದೇವೆ: ಕಿರಣ ಮೊದಲಿನಷ್ಟು ನಯವಾಗಿಲ್ಲ, ಬೇಗ ಹರಡುತ್ತದೆ. ಸಣ್ಣ ಕೆತ್ತನೆ ಕೈಬಿಟ್ಟು ಬೆಸುಗೆ ಕೆಲಸ ಮಾಡುತ್ತಿದ್ದೇವೆ. ಕೆತ್ತನೆಯೇ ಬೇಕೆನ್ನುವವರು ಉಬ್ಬು ಕನ್ನಡಿ ಬಳಸಿ ರಾಡಿನ ಮಸೂರವನ್ನು ಒಂದಿಷ್ಟು ಸರಿದೂಗಿಸಬಹುದು, ಆದರೆ ಅದಕ್ಕೂ ಸಂಗಮದೂರ ಅಳೆದಿರಲೇಬೇಕು.

ಮಾರುವವರನ್ನು ಕೇಳಿ: ಪೂರ್ತಿ ವಿದ್ಯುತ್ತಿನಲ್ಲಿ ರಾಡಿನ ಸಂಗಮದೂರ ಎಷ್ಟು? ಉತ್ತರ ಇಲ್ಲದಿದ್ದರೆ ಹಣ ಕೊಡಬೇಡಿ. ತಣ್ಣನೆಯ ರಾಡಿಗೆ ಹಾಕಿದ ಲೆಕ್ಕ ತೋರಿಸಿದರೆ ಒಪ್ಪಬೇಡಿ. ಮತ್ತೊಂದು ಮಾತು, 1064 ನ್ಯಾನೋಮೀಟರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣನ್ನು ಸುಡುತ್ತದೆ. ಆ ತರಂಗಾಂತರಕ್ಕೆಂದೇ ಮಾಡಿದ ಕನ್ನಡಕ ಇಲ್ಲದೆ ಯಂತ್ರದ ಬಳಿ ಯಾರನ್ನೂ ಬಿಡಬೇಡಿ.

ಮೇಷ್ಟ್ರು ತಂದ ಹೀಲಿಯಂ-ನಿಯಾನ್ ಲೇಸರ್ ಇನ್ನೂ ನಮ್ಮ ಶೆಡ್ಡಿನಲ್ಲೇ ಇದೆ. ರಾಡ್ ಮತ್ತು ದೀಪದ ಪೆಟ್ಟಿಗೆ ತಂದರೆ ಅಳೆದು ಕೊಡುತ್ತೇವೆ, ದುಡ್ಡು ಬೇಡ.